ಲೋಡರಿನ ಎಣ್ಣೆ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಜಪ ದೊಡ್ಡದು ಎಂದು ಒಬ್ಬರು ಹೇಳುತ್ತಾರೆ. ಧ್ಯಾನ ದೊಡ್ಡದು ಎಂದು ಇನ್ನೊಬ್ಬರು. ಸೇವೆಯೇ ಸಾಕು ಎಂದು ಮತ್ತೊಬ್ಬರು. ಹೇಳುವವರೆಲ್ಲ ತಿಳಿದವರೇ. ನನಗೆ ದಿಕ್ಕೇ ತೋಚುತ್ತಿಲ್ಲ. ಇವುಗಳಲ್ಲಿ ಯಾವುದು ಶ್ರೇಷ್ಠ?"

ಗುರು ಒಂದು ಕತೆ ಹೇಳಿದರು.

ಅಮರೇಗೌಡ ಎಂಬವನಿಗೆ ಕಲ್ಲಿನ ಕ್ವಾರಿಯಲ್ಲಿ ಕಲ್ಲು ಎತ್ತಿ ಸಾಗಿಸುವ ಲೋಡರ್ ಯಂತ್ರವೊಂದಿತ್ತು. ಹುಲಗಪ್ಪ ಅದನ್ನು ಓಡಿಸುತ್ತಿದ್ದ. ಯಂತ್ರದ ಎಣ್ಣೆ ಬದಲಾಯಿಸುವ ಕಾಲ ಬಂತು. ಯಾವ ಎಣ್ಣೆ ಒಳ್ಳೆಯದು ಎಂದು ಗೌಡ ಅಂಗಡಿಯವನನ್ನು ಕೇಳಿದ. ಬಿಸಿಲ ನಾಡಿಗೆ ದಪ್ಪ ಎಣ್ಣೆಯೇ ಸರಿ ಎಂದ ಅವನು. ಪಕ್ಕದ ಕ್ವಾರಿಯ ಮಾಲೀಕನನ್ನು ಕೇಳಿದ. ತೆಳ್ಳಗಿನದು ಹಾಕು, ಕೆಲಸ ಚುರುಕಾಗುತ್ತದೆ ಎಂದ ಅವನು. ಪೇಟೆಯ ಮೆಕ್ಯಾನಿಕ್ ಮೂರನೆಯದೊಂದರ ಹೆಸರು ಹೇಳಿದ. ಗೌಡನ ತಲೆ ಚಿಟ್ಟು ಹಿಡಿಯಿತು. ಪಕ್ಕದ ಕ್ವಾರಿಯಲ್ಲಿ ಆನೆಯಂಥ ಬಂಡೆಗಳನ್ನು ಎತ್ತುವ ದೊಡ್ಡ ಯಂತ್ರವೊಂದಿತ್ತು. ಕೊನೆಗೆ ಅದರ ತೋಳು ಎತ್ತಲು ಹಾಕುವ ಹೈಡ್ರಾಲಿಕ್ ಎಣ್ಣೆಯನ್ನೇ ತಂದು ತುಂಬಿಸಿದ.

ಲೋಡರಿನ ತೋಳು ಹಿಂದೆಂದೂ ಇಲ್ಲದಷ್ಟು ಸಲೀಸಾಗಿ ಮೇಲೇಳತೊಡಗಿತು. ಗೌಡ ಹಿಗ್ಗಿದ. ನಾಲ್ಕನೆಯ ದಿನ ಹುಲಗಪ್ಪ ಬಂದು ಹೇಳಿದ: "ಗೌಡ್ರೇ, ಬ್ರೇಕು ಕಿರುಚುತ್ತಿದೆ. ಒತ್ತಿದರೂ ಗಾಡಿ ಮುಂದಕ್ಕೆ ಜಾರುತ್ತದೆ."

ಗೌಡನಿಗೆ ಅರ್ಥವಾಗಲಿಲ್ಲ. ಪೆಡಲ್ ಬದಲಾಯಿಸಿದ. ಕಿರುಚಾಟ ನಿಲ್ಲಲಿಲ್ಲ. ಕೇಬಲ್ಲು, ಸ್ಪ್ರಿಂಗು, ಎಲ್ಲ ಬಿಚ್ಚಿ ನೋಡಿಸಿದ. ಏನೂ ಸಿಗಲಿಲ್ಲ. ಎಣ್ಣೆಯ ಮೇಲೆ ಅವನಿಗೆ ಅನುಮಾನವೇ ಹುಟ್ಟಲಿಲ್ಲ. ಇಷ್ಟು ಚೆನ್ನಾಗಿ ಎತ್ತುವ ಎಣ್ಣೆಯಲ್ಲಿ ದೋಷ ಎಲ್ಲಿಂದ ಬಂದೀತು? ಉಳಿದದ್ದು ಹುಲಗಪ್ಪನ ಕಾಲು ಒಂದೇ. "ಸರಿಯಾಗಿ ಒತ್ತುವುದಕ್ಕೆ ನಿನಗೇ ಬರುವುದಿಲ್ಲ," ಎಂದು ಎಲ್ಲರೆದುರು ಬೈದ. ಹುಲಗಪ್ಪ ಮತ್ತೆ ಯಂತ್ರ ಹತ್ತಿದ.

ಮರುದಿನ ಮಧ್ಯಾಹ್ನ ಕಲ್ಲು ತುಂಬಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಾಗ ಲೋಡರ್ ನಿಲ್ಲದೆ ಜಾರಿತು. ಕೆಳಗೆ ಹೆಂಗಸರು ಜಲ್ಲಿ ಒಡೆಯುತ್ತ ಕುಳಿತಿದ್ದರು. ಹುಲಗಪ್ಪ ಹಾರಿ ತಪ್ಪಿಸಿಕೊಳ್ಳಬಹುದಿತ್ತು. ಹಾರಲಿಲ್ಲ. ತೋಳಿನ ತುದಿಯ ಬಕೆಟ್ಟನ್ನು ನೆಲಕ್ಕೆ ಇಳಿಸಿ ಊರಿದ. ಅದರ ಹಲ್ಲು ನೆಲವನ್ನು ಕಚ್ಚಿತು, ಯಂತ್ರ ಪಕ್ಕಕ್ಕೆ ತಿರುಗಿ ಬಂಡೆಗೆ ಬಡಿದು ಮಗುಚಿತು. ಹೆಂಗಸರು ಉಳಿದರು. ಹುಲಗಪ್ಪನ ಬಲಗಾಲು ಮುರಿಯಿತು.

ಯಂತ್ರವನ್ನು ನೋಡಲು ಒಬ್ಬ ವಯಸ್ಸಾದ ಫಿಟ್ಟರ್ ಬಂದ. ಬೆರಳಿಗೆ ಎಣ್ಣೆ ತೆಗೆದುಕೊಂಡು ಉಜ್ಜಿ ನೋಡಿದ.

"ಇದನ್ನು ಯಾಕೆ ಹಾಕಿದಿರಿ?"

"ಪಕ್ಕದ ಕ್ವಾರಿಯ ದೊಡ್ಡ ಯಂತ್ರಕ್ಕೂ ಇದನ್ನೇ ಹಾಕುತ್ತಾರೆ," ಎಂದ ಗೌಡ.

"ತೋಳು ಎತ್ತುವುದಕ್ಕೆ ಒಳ್ಳೆಯದೇ. ಆದರೆ ನಿಮ್ಮ ಲೋಡರಿನಲ್ಲಿ ಗೇರೂ ಬ್ರೇಕೂ ಇದೇ ಎಣ್ಣೆಯಲ್ಲಿ ಮುಳುಗಿವೆ. ಮೂರಕ್ಕೂ ಹೊಂದುವ ಎಣ್ಣೆ ಬೇರೆ. ಇದರಲ್ಲಿ ಬ್ರೇಕಿನ ಬಿಲ್ಲೆ ಹಿಡಿಯುವುದಿಲ್ಲ, ಜಾರುತ್ತದೆ."

"ಮೂವರನ್ನು ಕೇಳಿದೆನಲ್ಲ! ಒಬ್ಬನಾದರೂ ಹೇಳಬಾರದಿತ್ತೇ?"

"ಯಾವ ಯಂತ್ರಕ್ಕೆ ಎಂದು ಹೇಳಿದಿರಾ?"

ಗೌಡ ನೆನಪು ಮಾಡಿಕೊಂಡ. ಹೇಳಿರಲಿಲ್ಲ. ಯಾವುದು ಒಳ್ಳೆಯದು ಎಂದಷ್ಟೇ ಮೂರೂ ಕಡೆ ಕೇಳಿದ್ದ. ಅವರು ತಾವು ಬಲ್ಲ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಕೊಟ್ಟಿದ್ದರು.

ಗೌಡ ಆಸ್ಪತ್ರೆಗೆ ಹೋಗಿ ಹುಲಗಪ್ಪನ ಪಕ್ಕ ಕುಳಿತ. ಪಟ್ಟಿ ಕಟ್ಟಿದ ಕಾಲಿನ ಕಡೆ ನೋಡಲಾಗಲಿಲ್ಲ. ತಪ್ಪು ನನ್ನದು ಎಂದು ಹೇಳಬೇಕೆಂದು ಬಂದಿದ್ದ. ಅದಕ್ಕೆ ಮೊದಲೇ ಹುಲಗಪ್ಪ ಹೇಳಿದ:

"ಒತ್ತಿದ್ದೆ ಗೌಡ್ರೇ. ಪೂರ್ತಿ ಒತ್ತಿದ್ದೆ."

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಗೊಂದಲ ಹಾಗೆಯೇ ಇತ್ತು.

"ಕತೆ ತಿಳಿಯಿತು ಗುರುಗಳೇ. ಆದರೆ ಜಪವೋ, ಧ್ಯಾನವೋ, ಸೇವೆಯೋ, ನೀವು ಹೇಳಲೇ ಇಲ್ಲ."

ಗುರು ಅವನನ್ನು ನೋಡಿ ಹೇಳಿದರು: "ನೀನು ಇಲ್ಲಿಗೆ ಬಂದು ಮೂರು ವರ್ಷವಾಯಿತು, ಯಾವ ನೋವಿಗಾಗಿ ಬಂದೆ ಎಂದು ನನಗೆ ಇನ್ನೂ ಹೇಳಿಲ್ಲ."

ಶಿಷ್ಯ ತಲೆ ತಗ್ಗಿಸಿದ.