ಗುಡ್ಡ ಹತ್ತಿದ ನರಿಯ ನವಣೆ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ನವಣೆ ಬೆಳೆದು ಉಣ್ಣುತ್ತಿದ್ದವು. ನರಿಯ ಹೊಲ ಹೊಳೆಯ ದಂಡೆಯಲ್ಲಿತ್ತು. ಮುಳ್ಳುಹಂದಿಯ ಹೊಲ ಕಲ್ಲುಗುಡ್ಡದ ಮೇಲಿತ್ತು. ಮೊಲದ ಹೊಲ ಗುಡ್ಡದಾಚೆಯ ಮರಳು ಬಯಲಿನಲ್ಲಿ. ಅಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೂವರೂ ಬಿತ್ತುತ್ತಿದ್ದ ಬೀಜ ಬೇರೆ ಬೇರೆ.

ನರಿಗೆ ಬಿಂಕ ಜಾಸ್ತಿ. ಅದಕ್ಕೇ ಕಾಡಿನವರೆಲ್ಲ ಅದನ್ನು ಬಿಂಕಣ್ಣ ಎಂದು ಕರೆಯುತ್ತಿದ್ದರು. ಒಂದು ವರ್ಷ ಅದಕ್ಕೆ ದೂರದ ಕಾಡಿನಿಂದ ಹೊಸ ತಳಿಯ ಬೀಜ ಸಿಕ್ಕಿತು. ತನ್ನ ಹೊಲದಲ್ಲಿ ಬಿತ್ತಿತು. ತೆನೆ ಬಂದಾಗ ಕಾಡಿಗೆ ಕಾಡೇ ಬೆರಗಾಯಿತು. ಒಂದೊಂದು ತೆನೆಯೂ ನರಿಯ ಬಾಲದಷ್ಟು ದಪ್ಪ!

ನರಿ ಬಂಡೆಯ ಮೇಲೆ ಹತ್ತಿ ನಿಂತು ಹೇಳಿತು: “ಇನ್ನು ಮೇಲೆ ಎಲ್ಲರೂ ನನ್ನ ಬೀಜವನ್ನೇ ಬಿತ್ತಿ. ನಿಮ್ಮ ಹಳೇ ಬೀಜ ಹೊಳೆಗೆ ಚೆಲ್ಲಿ. ಪ್ರತಿ ಸುಗ್ಗಿಯಲ್ಲೂ ಮೊದಲ ಪಾಲು ಮಾತ್ರ ನನಗೆ!”

ಮುಳ್ಳುಹಂದಿಯ ಮನಸ್ಸು ಹೊಯ್ದಾಡಿತು. “ನನ್ನ ಮನೆ ತುಂಬ ಮರಿಗಳು, ಬಿಂಕಣ್ಣ. ನಿನ್ನ ಬೀಜ ಗುಡ್ಡದಲ್ಲಿ ಕೈಕೊಟ್ಟರೆ ಅವು ಏನು ತಿನ್ನಬೇಕು?”

“ಹೊಳೆದಂಡೆಯಲ್ಲಿ ಬೆಳೆದದ್ದು ಗುಡ್ಡದಲ್ಲಿ ಬೆಳೆಯುವುದಿಲ್ಲವೇ? ಎಲ್ಲಾ ಮಣ್ಣೂ ಮಣ್ಣೇ, ಮುಳ್ಳಕ್ಕ!”

“ಮರಳೂ ಮಣ್ಣೇನಾ?” ಎಂದು ಮೊಲ ಕೇಳಿತು. ನರಿ ಕೇಳಿಸದವರಂತೆ ಬಾಲ ನೆಕ್ಕಿಕೊಂಡಿತು.

ಆಗ ಕಾಡಿಗೆಲ್ಲ ಹಿರಿಯಳಾದ ಆನೆಯಜ್ಜಿ ಮುಂದೆ ಬಂತು. “ಜಗಳ ಯಾಕ್ರಪ್ಪಾ? ಬಿತ್ತಿಯೇ ನೋಡೋಣ. ಮೂರು ಹೊಲದಲ್ಲೂ ಮೂರು ಬೀಜವನ್ನೂ ಅಕ್ಕಪಕ್ಕದ ಸಾಲಲ್ಲಿ ಬಿತ್ತಿ. ಮಳೆ ಕೊಟ್ಟಷ್ಟೇ ನೀರು. ಯಾರೂ ಒಂದು ಹನಿ ಹಾಕಕೂಡದು, ಒಂದು ಹಿಡಿ ಗೊಬ್ಬರವನ್ನೂ ಸೇರಿಸಕೂಡದು. ಸುಗ್ಗಿಯಲ್ಲಿ ಕಾಳು ಅಳೆಯೋಣ. ಎಲ್ಲಿಗೆ ಯಾವ ಬೀಜ ಅಂತ ಹೊಲವೇ ಹೇಳುತ್ತೆ.”

ಈ ಮಾತು ಎಲ್ಲರಿಗೂ ಹಿಡಿಸಿತು. ಮುಂಗಾರು ಬಿದ್ದದ್ದೇ ತಡ, ಕಾಡೆಲ್ಲ ಹೊಲಕ್ಕಿಳಿಯಿತು. ಕಾಡುಹಂದಿ ಮೂತಿಯಿಂದ ನೆಲ ಉತ್ತಿತು. ಕಾಡುಕೋಳಿ ಕಾಲಿನಿಂದ ಸಾಲು ಕೆರೆಯಿತು. ಕೋತಿಗಳು ಬೀಜ ಉದುರಿಸುತ್ತಾ, ನಡುನಡುವೆ ಬಾಯಿಗೂ ಹಾಕಿಕೊಂಡು, ಆನೆಯಜ್ಜಿಯಿಂದ ಬೈಸಿಕೊಂಡವು.

ಕೆಲವು ವಾರ ಎಲ್ಲ ಸಾಲೂ ಹಸಿರಾಗಿತ್ತು. ಆಮೇಲೆ ಮರಳು ಬಯಲಿನಲ್ಲಿ ಮಳೆ ಕೈಕೊಟ್ಟಿತು. ನರಿಯ ನವಣೆ ತಲೆ ಬಾಗಿಸಿ ಬಾಡತೊಡಗಿತು. ನರಿ ಗುಡ್ಡದ ಕಡೆ ತಿರುಗಿ ನೋಡಿತು.

“ಬಯಲು ಹೋದರೆ ಹೋಗಲಿ. ಗುಡ್ಡದಲ್ಲಂತೂ ಸೋಲಬಾರದು” ಎಂದುಕೊಂಡಿತು.

ಅಂದಿನಿಂದ ನರಿಗೆ ಹೊಸ ಕೆಲಸ ಶುರುವಾಯಿತು. ಮಧ್ಯಾಹ್ನ ಎಲ್ಲರೂ ನೆರಳಿನಲ್ಲಿ ತೂಕಡಿಸುವಾಗ ಅದು ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಗುಡ್ಡ ಹತ್ತುತ್ತಿತ್ತು. ತನ್ನ ಸಾಲಿಗೆ ಮಾತ್ರ ಸುರಿಯುತ್ತಿತ್ತು. ಗುಹೆಯಿಂದ ಬಾವಲಿಯ ಹಿಕ್ಕೆ ತಂದು ಬುಡಕ್ಕೆ ಹಾಕುತ್ತಿತ್ತು. ಏದುಸಿರು ಬಿಡುತ್ತಾ ಇಳಿದು ಬಂದು ಏನೂ ಅರಿಯದವರಂತೆ ಮಲಗಿಬಿಡುತ್ತಿತ್ತು.

ಗುಡ್ಡದ ಮೇಲೆ ನರಿಯ ನವಣೆ ಸರಸರನೆ ಎದ್ದಿತು. ಕಡುಹಸಿರು, ಎಲ್ಲಕ್ಕಿಂತ ಎತ್ತರ. ಪಕ್ಕದಲ್ಲಿ ಮುಳ್ಳುಹಂದಿಯ ನವಣೆ ಗಿಡ್ಡಗಿಡ್ಡಗೆ ನಿಂತಿತ್ತು. ನೋಡಿ ನೋಡಿ ಮುಳ್ಳುಹಂದಿಗೆ ಸಾಕಾಯಿತು. ತಾನು ಕೂಡಿಟ್ಟಿದ್ದ ಬೀಜದ ಬುಟ್ಟಿಯನ್ನು ಹೊತ್ತು ಹೊಳೆಯತ್ತ ಹೊರಟೇಬಿಟ್ಟಿತು.

ದಾರಿಯಲ್ಲಿ ಆನೆಯಜ್ಜಿ ಸೊಂಡಿಲು ಅಡ್ಡ ಹಿಡಿಯಿತು. “ತಡಿಯೇ ಮಗಳೇ! ಬರೀ ಪೈರು ನೋಡಿದರೆ ಹೊಟ್ಟೆ ತುಂಬುತ್ತಾ? ಕಾಳು ಬರಲಿ.”

ಮುಳ್ಳುಹಂದಿ ನಿಟ್ಟುಸಿರು ಬಿಟ್ಟು ಬುಟ್ಟಿಯೊಂದಿಗೆ ಮರಳಿತು.

ತೆನೆ ಹೊರಬಿದ್ದ ಮೇಲೆ ಒಂದು ಬೆಳಿಗ್ಗೆ ಗುಡ್ಡದ ಮೇಲೆ ಜೋರು ಗಾಳಿ ಬೀಸಿತು. ಮುಳ್ಳುಹಂದಿಯ ಗಿಡ್ಡ ನವಣೆ ಬಾಗಿತು, ಮತ್ತೆ ಎದ್ದು ನಿಂತಿತು. ನರಿಯ ನವಣೆ ನೀರು ಗೊಬ್ಬರ ಹೆಚ್ಚಾಗಿ ಉದ್ದುದ್ದ ಬೆಳೆದಿತ್ತೇ ಹೊರತು ದಂಟಿನಲ್ಲಿ ಗಟ್ಟಿತನವಿರಲಿಲ್ಲ. ಚಾಪೆ ಹಾಸಿದಂತೆ ಸಾಲಿಗೆ ಸಾಲೇ ಮಲಗಿತು.

ಎಲ್ಲರೂ ಹೊಲ ನೋಡಲು ಓಡಿ ಬಂದರೆ ಅಲ್ಲಿ ಏನು ಕಂಡಿತು ಗೊತ್ತೇ? ನರಿ ಆಗಲೇ ಬಂದಿತ್ತು. ಎರಡು ಕೈಯಲ್ಲಿ ಎರಡು ಕಂತೆ ಪೈರು ಎತ್ತಿ ಹಿಡಿದಿತ್ತು. ಬಾಲದಲ್ಲಿ ಒಂದು ಕಂತೆ ಸುತ್ತಿಕೊಂಡಿತ್ತು. ಬಾಯಲ್ಲೂ ಒಂದು ಕಂತೆ ಕಚ್ಚಿಕೊಂಡಿತ್ತು!

“ಬಿಂಕಣ್ಣಾ, ಪೈರು ನಿಂತಿದೆಯೋ, ನೀನು ನಿಲ್ಲಿಸಿದ್ದೀಯೋ?” ಎಂದು ಮೊಲ ಕೇಳಿತು.

ಉತ್ತರ ಕೊಡಲು ನರಿ ಬಾಯಿ ತೆರೆಯಿತು. ಆ ಕಂತೆ ದೊಪ್ಪನೆ ಬಿತ್ತು. ಅದನ್ನು ಹಿಡಿಯಲು ಹೋಗಿ ಕೈಯವು ಬಿದ್ದವು. ಕಾಲು ಜಾರಿ ನರಿಯೂ ಬಿತ್ತು. ಎದ್ದಾಗ ಮೂತಿಯಿಂದ ಬಾಲದವರೆಗೆ ಕೆಸರು.

ಕಾಡುಹಂದಿ ಅತ್ತಿತ್ತ ಮೂಸಿ ನೋಡಿತು. “ಗುಡ್ಡವೆಲ್ಲ ಒಣಗಿದೆ. ನಿನ್ನ ಸಾಲಿನಲ್ಲಿ ಮಾತ್ರ ಕೆಸರು ಹೇಗೆ ಬಂತಪ್ಪಾ? ಬಾವಲಿಯ ಹಿಕ್ಕೆ ವಾಸನೆ ಬೇರೆ!”

ನರಿ ಕಿವಿ ಮಡಚಿಕೊಂಡಿತು. ವಿಷಯ ತಿಳಿದು ಎಲ್ಲರೂ ಗುಡ್ಡ ಅದುರುವಂತೆ ನಕ್ಕರು.

ಸುಗ್ಗಿ ಬಂತು. ತೆನೆ ಬಡಿದು, ಕೇರಿ, ಕಾಳು ಅಳೆದರು. ಬಯಲಿನಲ್ಲಿ ಮೊಲದ ಬೀಜ ಗೆದ್ದಿತು. ಅದು ಬೇಗ ಮಾಗುವ ಜಾತಿ, ಮಳೆ ಹೋಗುವ ಮೊದಲೇ ಕಾಳು ಕಟ್ಟಿತ್ತು. ಗುಡ್ಡದಲ್ಲಿ ಮುಳ್ಳುಹಂದಿಯ ಗಿಡ್ಡ ನವಣೆಯದೇ ರಾಶಿ. ಹೊಳೆದಂಡೆಯಲ್ಲಿ ಮಾತ್ರ ನರಿಯ ಹೊಸ ಬೀಜದ ಮುಂದೆ ಬೇರೆ ಯಾವುದೂ ನಿಲ್ಲಲಿಲ್ಲ. ದಂಡೆಯಲ್ಲಿ ಹೊಲವಿದ್ದ ಕರಡಿ, ಕಾಡುಹಂದಿ ಎರಡೂ ಖುಷಿಯಿಂದ ಆ ಬೀಜವನ್ನು ಕೇಳಿ ಪಡೆದವು.

“ನೋಡು ಮಗಾ, ಹೊಳೆದಂಡೆಯಲ್ಲಿ ನೀನು ಮೋಸವಿಲ್ಲದೆಯೇ ಗೆದ್ದೆ. ಅಷ್ಟಕ್ಕೇ ಖುಷಿಪಡಬಾರದಿತ್ತೇ?” ಎಂದಿತು ಆನೆಯಜ್ಜಿ.

ನರಿ ತಲೆ ತಗ್ಗಿಸಿ, “ತಪ್ಪಾಯ್ತಜ್ಜಿ” ಎಂದಿತು.

“ನೀರು ಹೊತ್ತು ಅಭ್ಯಾಸವಾಗಿದೆಯಲ್ಲ, ಹಬ್ಬದಡುಗೆಗೂ ನೀನೇ ಹೊರು” ಎಂದು ಮೊಲ ನಕ್ಕಿತು.

ಅಂದು ಕಾಡಿನಲ್ಲಿ ಜೇನು ಕಲಸಿದ ನವಣೆ ತಂಬಿಟ್ಟಿನ ಊಟ. ಮುಳ್ಳುಹಂದಿಯ ಮರಿಗಳು ಹೊಟ್ಟೆ ಬಿರಿಯ ತಿಂದು ಹುಲ್ಲಿನ ಮೇಲೆ ಉರುಳಾಡಿದವು. ಮೊದಲ ಪಾಲು ಕೇಳಿದ್ದ ನರಿ ನೀರು ಹೊತ್ತು ಸುಸ್ತಾಗಿ ಕೊನೆಯ ಪಂಕ್ತಿಯಲ್ಲಿ ಕೂತಿತು. ಮುಳ್ಳುಹಂದಿಯೇ ತಂದು ಬಡಿಸಿತು, ಗುಡ್ಡದ ನವಣೆಯ ತಂಬಿಟ್ಟು. ನರಿ ಒಂದು ತುತ್ತು ತಿಂದು ಕಣ್ಣರಳಿಸಿತು. “ಮುಳ್ಳಕ್ಕಾ, ಇನ್ನೊಂದು ಉಂಡೆ ಹಾಕ್ತೀಯಾ?” ಎಂದು ಮೆಲ್ಲಗೆ ಎಲೆ ಮುಂದಕ್ಕೆ ತಳ್ಳಿತು.

ನೀತಿ: ಒಂದು ನೆಲದಲ್ಲಿ ಗೆದ್ದದ್ದು ಎಲ್ಲ ನೆಲದಲ್ಲೂ ಗೆಲ್ಲಬೇಕೆಂದಿಲ್ಲ, ಮೋಸ ಮಾಡದೆ ಪರೀಕ್ಷಿಸಿದರೆ ಮಾತ್ರ ಯಾವುದು ಎಲ್ಲಿಗೆ ಸರಿ ಎಂದು ತಿಳಿಯುತ್ತದೆ.