ಮರಳಿನ ದೇಶಕ್ಕೆ ಹೊರಟ ಪಾಲಾಕ್ಷಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಪಾಲಾಕ್ಷಿ. ಮೈ ಎತ್ತಿನದು, ಮನಸ್ಸು ಕರುವಿನದು. ಬುದ್ಧಿ ಎಲ್ಲಿಯದು ಅಂತ ಹಾಲಮ್ಮ ಇನ್ನೂ ಹುಡುಕುತ್ತಿದ್ದಳು. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವವನು. ಬೆನ್ನ ಹಿಂದೆ ನಾಯಿ ರೊಟ್ಟಿ ಕಚ್ಚಿಕೊಂಡು ಹೋದರೂ ಕತ್ತು ತಿರುಗಿಸುವವನಲ್ಲ.

"ಹೇಳಿದ್ದನ್ನೇ ಮಾಡಿದೆ ಕಣವ್ವ!" ಅನ್ನುವನು ಮಗ.

"ಅದೇ ಕಣೋ ನನ್ನ ಕರ್ಮ!" ಅನ್ನುವಳು ತಾಯಿ.

ಸಾಹುಕಾರನ ಮಗ ಪೆದ್ದನಾದರೆ ಅಪ್ಪ ಅವನಿಗೊಂದು ಅಂಗಡಿ ಇಟ್ಟುಕೊಡುತ್ತಾನೆ. ಬಡವಿಯ ಮಗ ಪೆದ್ದನಾದರೆ ಅವನನ್ನು ಹುಡುಕಿಕೊಂಡು ಯಾರೋ ಬರುತ್ತಾರೆ. ಪಾಲಾಕ್ಷಿಯನ್ನು ಹುಡುಕಿಕೊಂಡು ಕರಿಬಸಣ್ಣ ಬಂದ. ಜನರನ್ನು ಟೂರಿಗೆ ಕಳಿಸುವುದು ಅವನ ಕಸುಬು.

"ಹಾಲಮ್ಮಕ್ಕ, ನಿನ್ನ ಮಗನ ಅದೃಷ್ಟ ಖುಲಾಯಿಸಿತು! ಮರಳಿನ ದೇಶಕ್ಕೆ ಟೂರು! ವಿಮಾನ, ಊಟ, ಮೆತ್ತನೆ ಹಾಸಿಗೆ, ಎಲ್ಲಾ ಬಿಟ್ಟಿ!"

"ಬಿಟ್ಟಿ ಯಾಕೆ?"

"ಒಂದು ಸೀಟು ಖಾಲಿ ಉಳಿದೈತೆ."

"ಓಣಿ ತುಂಬ ಜಾಣ ಹುಡುಗರಿದ್ದಾರೆ. ಇವನೇ ಯಾಕೆ?"

"ಇವನು ಹೇಳಿದ ಮಾತು ಕೇಳ್ತಾನೆ ಕಣಕ್ಕ!"

ಹಾಲಮ್ಮನಿಗೆ ಅದು ಸರಿ ಕಾಣಲಿಲ್ಲ. ಜಾಣರನ್ನು ದಾಟಿ ಪೆದ್ದನ ಮನೆಗೆ ಬಂದವನ ಬಾಯಿ ನೋಡಬಾರದು, ಕೈ ನೋಡಬೇಕು. ಆದರೆ ಪಾಲಾಕ್ಷಿ ಆಗಲೇ ಎರಡೂ ಕೈ ಚಾಚಿ ವಿಮಾನದ ಹಾಗೆ ಅಂಗಳ ಸುತ್ತುತ್ತಿದ್ದ. ಕರಿಬಸಣ್ಣ ಪಾಠ ಶುರುಮಾಡಿದ.

"ಕೇಳೋ ಪಾಲಾಕ್ಷಿ. ಅಲ್ಲಿಯ ಬಿಸಿಲು ಬಿಸಿಲಲ್ಲ, ಬೆಂಕಿ! ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದುಕೋ. ಮಧ್ಯಾಹ್ನ ಓಡಾಡಬೇಡ. ನೆರಳು ಸಿಕ್ಕ ಕಡೆ ಅಲ್ಲಾಡದೆ ಮಲಗಿಬಿಡು. ಇಲ್ಲೇ ರೂಢಿ ಮಾಡಿಕೋ!"

"ಹೂಂ ಕಣಣ್ಣ!"

ಮರುದಿನ ಮಧ್ಯಾಹ್ನ ಪಾಲಾಕ್ಷಿ ಬಿಳಿ ಪಂಚೆಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿಕೊಂಡು ಓಣಿಯ ಬೇವಿನ ಮರದಡಿ ಮಲಗಿದ. ಅಲ್ಲಾಡಲಿಲ್ಲ. ಯಾರೋ ನೋಡಿದರು, ಚೀರಿದರು. ಕೂಲಿಗೆ ಹೋಗಿದ್ದ ಹಾಲಮ್ಮ ಭಟ್ಟಿಯಿಂದ ಓಡಿಬರುವ ಹೊತ್ತಿಗೆ ಮಗನ ಎದೆಯ ಮೇಲೆ ಹಾರ ಬಿದ್ದಿತ್ತು, ತಲೆಯ ಹತ್ತಿರ ಊದುಬತ್ತಿ ಉರಿಯುತ್ತಿತ್ತು, ತಮಟೆಯವನು ತಮಟೆ ಕಾಸುತ್ತಿದ್ದ.

"ಎಂಥಾ ಹುಡುಗ! ಒಂದು ದಿನ ಎದುರು ಮಾತಾಡಲಿಲ್ಲವಲ್ಲೇ!" ಅಂತ ಓಣಿಯ ಹೆಂಗಸರು ಎದೆ ಬಡಿದುಕೊಂಡರು. ಹಾಲಮ್ಮ ಮಗನ ಮೇಲೆ ಬಿದ್ದು ಹೊರಳಿ ಅತ್ತಳು.

ಪಂಚೆಯೊಳಗಿಂದ ಮಾತು ಬಂತು: "ಅಳಬೇಡ ಕಣವ್ವ. ಬಿಸಿಲು ಇಳಿದ ಕೂಡಲೇ ಏಳ್ತೀನಿ."

ತಮಟೆಯವನು ತಮಟೆ ಬಿಟ್ಟು ಓಡಿದ. ಹಾಲಮ್ಮ ಅದೇ ಹಾರದಲ್ಲಿ ಮಗನಿಗೆ ಬಾರಿಸಿದಳು.

"ಹೇಳಿದ್ದನ್ನೇ ಮಾಡಿದೆ ಕಣವ್ವ!"

"ಅದೇ ಕಣೋ ನನ್ನ ಕರ್ಮ!"

ಕರಿಬಸಣ್ಣನೂ ಬಂದು ಬೈದ. "ಹೆಣದ ಹಾಗೆ ಮಲಗ್ತಾರೇನಲೇ? ಅಲ್ಲಿ ಮುಖ್ಯ ನೀರು! ಬಾಯಾರಿಕೆಗೆ ಕಾಯಬಾರದು. ಬಿಸಿ ಮರಳು ಕಂಡಿತೋ, ನೀರು! ಅಷ್ಟು ನೆನಪಿಟ್ಟುಕೋ!"

"ಹೂಂ ಕಣಣ್ಣ! ಬಿಸಿ ಮರಳು ಕಂಡಿತೋ, ನೀರು!"

ಮಂಡಕ್ಕಿ ಹುರಿಯುವುದು ಯಾವುದರಲ್ಲಿ? ಕಾದ ಮರಳಿನಲ್ಲಿ. ಅವ್ವನಿಗೆ ಬುತ್ತಿ ಕೊಡಲು ಭಟ್ಟಿಗೆ ಬಂದ ಪಾಲಾಕ್ಷಿ ದೊಡ್ಡ ಬಾಣಲೆ ನೋಡಿದ. ಕೆಂಪಗೆ ಕಾದ ಮರಳು! ಅದರಲ್ಲಿ ಅಕ್ಕಿ ಎಗರಿ ಎಗರಿ ಅರಳುತ್ತಿತ್ತು. ಪಾಲಾಕ್ಷಿ ಹಿಂದೆ ಮುಂದೆ ನೋಡಲಿಲ್ಲ. ಮೂಲೆಯಲ್ಲಿದ್ದ ತುಂಬಿದ ಕೊಡ ಎತ್ತಿದ, ಸುರಿದ.

ಭುಸ್ಸ್! ಹಬೆ ಸೂರಿಗೆ ಏರಿತು. ಬಾಣಲೆ ಢಬ್ ಅಂತ ಸೀಳಿತು. ಕೆಲಸದವರು ಸಿಕ್ಕ ಸಿಕ್ಕ ಕಡೆ ಓಡಿದರು. ಭಟ್ಟಿಯ ಮಾಲೀಕ ಶರಣಪ್ಪ ಪಂಚೆ ಎತ್ತಿಕಟ್ಟಿಕೊಂಡು ಕುಣಿದ.

"ನನ್ನ ಬಾಣಲೆ! ಲೇ ಮಂಗ್ಯಾ, ನನ್ನ ಬಾಣಲೆ!"

"ಬಾಯಾರುವ ಮೊದಲೇ ಕುಡಿಸಿಬಿಟ್ಟೆ ಕಣ್ರೀ!" ಅಂದ ಪಾಲಾಕ್ಷಿ.

ಶರಣಪ್ಪ ಹಾಲಮ್ಮನ ಕಡೆ ತಿರುಗಿದ. "ಇವನು ಆ ಟೂರಿಗೆ ಹೋದರೆ ನಿನಗಿಲ್ಲಿ ಕೆಲಸ. ಊರಲ್ಲೇ ಉಳಿದರೆ ನೀನೂ ಮನೇಲಿ ಉಳಿ!"

ಮಗ ಹೋಗುವುದು ಬೇಡ ಅನ್ನಬೇಕೆಂದಿದ್ದ ಹಾಲಮ್ಮ ಬಗ್ಗಿ ಒದ್ದೆ ಮರಳು ಬಳಿಯತೊಡಗಿದಳು. ಮೇಲಿನವನು ಬೈದರೆ ಕೆಳಗಿನವಳು ಸಿಟ್ಟನ್ನೂ ನುಂಗಬೇಕು, ಹೊಗೆಯನ್ನೂ ನುಂಗಬೇಕು. ನುಂಗಿದಳು. ಆದರೆ ಕಣ್ಣು ಮುಚ್ಚಲಿಲ್ಲ.

ಸಂಜೆ ಕರಿಬಸಣ್ಣ ಮತ್ತೆ ಪಾಠಕ್ಕೆ ಕೂತ. "ಕಂಡದ್ದಕ್ಕೆಲ್ಲ ಹೀಗೆ ನುಗ್ಗಬಾರದು ಕಣೋ! ಅಲ್ಲಿ ಮರಳಿನಲ್ಲಿ ಚೇಳು ಜಾಸ್ತಿ. ಬೂಟಿರಲಿ, ಚೀಲವಿರಲಿ, ಕೈಗೆ ಏನೇ ಬರಲಿ, ಮೊದಲು ತಲೆಕೆಳಗೆ ಮಾಡಿ ಒದರು! ಮತ್ತೆ ಗಸಗಸೆ ಮಾತ್ರ ಒಯ್ಯಬೇಡ. ಚೀಲದಲ್ಲಿ ಕಾಳು ಸಿಕ್ಕರೂ ಜೈಲು!"

"ಗಸಗಸೆಗೆ ಜೈಲಾ? ಪಾಯಸದ ಗಸಗಸೆಗಾ?" ಅಂದಳು ಹಾಲಮ್ಮ.

"ಅಲ್ಲಿ ಅದೂ ಮತ್ತಿನ ಸಾಮಾನಿನ ಲೆಕ್ಕವೇ ಕಣಕ್ಕ. ಬಹಳ ಬಿಗಿ!"

ಮರುದಿನ ಕರಿಬಸಣ್ಣನ ಹೆಂಡತಿ ಪಾಲಾಕ್ಷಿಯ ಕೈಯಲ್ಲಿ ಗಂಡನ ಆಫೀಸಿಗೆ ಊಟದ ಕ್ಯಾರಿಯರ್ ಕೊಟ್ಟು ಕಳಿಸಿದಳು. ಹಾಲಮ್ಮ ಆಗ ಆಫೀಸಿನಲ್ಲೇ ಇದ್ದಳು. ಮಗ ಯಾವ ದಿನ ವಾಪಸ್ ಬರುತ್ತಾನೆ ಅಂತ ಕೇಳಿ ಕೇಳಿ ಕರಿಬಸಣ್ಣನ ತಲೆ ತಿನ್ನುತ್ತಿದ್ದಳು. ವಾಪಸ್ ಬರುವ ದಿನವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನು ಹೇಳುತ್ತಿದ್ದ.

ಪಾಲಾಕ್ಷಿ ಬಂದ. ಕ್ಯಾರಿಯರ್ ಬಿಚ್ಚಿದ. ಮೇಜಿನ ಮೇಲೆ ತಲೆಕೆಳಗೆ ಮಾಡಿದ. ಒದರಿದ! ಸಾರು ಕರಿಬಸಣ್ಣನ ಬಿಳಿ ಅಂಗಿಯ ಮೇಲೆ ಹರಿಯಿತು, ಅನ್ನ ತೊಡೆಯ ಮೇಲೆ ಬಿತ್ತು.

"ಚೇಳಿಲ್ಲ ಕಣಣ್ಣ! ಬರೀ ಬದನೆಕಾಯಿ!"

ಕರಿಬಸಣ್ಣನ ಮುಖ ಸುಣ್ಣವಾಯಿತು. ಅಂಗಿ ಒರೆಸಿಕೊಳ್ಳುವುದನ್ನೂ ಮರೆತು ಪಾಲಾಕ್ಷಿಯ ರಟ್ಟೆ ಹಿಡಿದ. "ಲೇ! ನಾನು ಕೊಟ್ಟಿದ್ದನ್ನ ಒದರಬಾರದು! ಬಿಚ್ಚಬಾರದು! ಕೈಗೆ ಕೊಟ್ಟಿದ್ದನ್ನ ಎದೆಗೆ ಅವಚಿ ಹಿಡಿ. ಜೀವ ಹೋದರೂ ಇನ್ನೊಬ್ಬರಿಗೆ ಕೊಡಬೇಡ! ತಿಳೀತಾ?"

"ಹೂಂ ಕಣಣ್ಣ! ಜೀವ ಹೋದರೂ!"

ಹಾಲಮ್ಮ ನೋಡುತ್ತಲೇ ಇದ್ದಳು. ಚೆಲ್ಲಿದ್ದು ಸಾರು. ಆದರೆ ಈ ಮನುಷ್ಯ ನಡುಗುತ್ತಿರುವುದು ಸಾರಿಗಲ್ಲ.

ಹೊರಡುವ ದಿನ ಬಂತು. ಕರಿಬಸಣ್ಣ ಪಾಲಾಕ್ಷಿಗೆ ಟೋಪಿ, ಕಪ್ಪು ಕನ್ನಡಕ, ಅಂಗಿ, ಪ್ಯಾಂಟು, ಬೂಟು, ಒಳಗಿನ ಪಟ್ಟಾಪಟ್ಟಿ ಚಡ್ಡಿಯವರೆಗೆ ಎಲ್ಲಾ ಹೊಸದು ತಂದಿದ್ದ. ಕಾರು ಹತ್ತಿಸುವಾಗ ಕೈಗೊಂದು ಪ್ಯಾಕೆಟ್ಟೂ ಇಟ್ಟ.

"ಇದೇನು?" ಅಂದಳು ಹಾಲಮ್ಮ.

"ಶೇಂಗಾ ಚಟ್ನಿಪುಡಿ. ಅಲ್ಲಿ ನನ್ನ ಭಾವಮೈದ ಇದ್ದಾನೆ, ಬಂದು ಇಸ್ಕೊಳ್ತಾನೆ."

"ಚಿಟಿಕೆ ಕೊಡು, ರುಚಿ ನೋಡ್ತೀನಿ."

"ಸೀಲ್ ಮಾಡಿದ್ದಕ್ಕ!"

"ಚಟ್ನಿಪುಡಿಗೆ ಇಷ್ಟೊಂದು ಟೇಪಾ? ಗಸಗಸೆಗೇ ಜೈಲು ಅಂದೋನು ನೀನು. ಈಗ ನನ್ನ ಮಗನ ಕೈಲಿ ಪುಡಿ ಕಳಿಸ್ತೀಯಾ? ಬೇಡ! ಇಳಿಯೋ ಪಾಲಾಕ್ಷಿ!"

ಪಾಲಾಕ್ಷಿ ಇಳಿಯಲಿಲ್ಲ. ಪ್ಯಾಕೆಟ್ಟನ್ನು ಎದೆಗೆ ಅವಚಿಕೊಂಡು, "ಜೀವ ಹೋದರೂ ಕೊಡಲ್ಲ ಕಣವ್ವ!" ಅಂದ. ಹಾಲಮ್ಮ ಎಳೆದಳು, ಕಿತ್ತಳು, ಬೆರಳು ಬಿಡಿಸಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಾನೂ ಕಾರು ಹತ್ತಿ ಕೂತಳು.

"ನೀನೆಲ್ಲಿಗಕ್ಕ?"

"ನನ್ನ ಮಗ ಹೋಗೋ ಬಾಗಿಲು ನೋಡಬೇಕು."

ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ಕಾರು ನಿಂತಿತು. ಅಲ್ಲಿ ಒಬ್ಬ ಹೆಂಗಸು, ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು. "ಅಣ್ಣಾ, ಒಂದು ಗಳಿಗೆ ಹಿಡ್ಕೋ, ಮುಖ ತೊಳ್ಕೊಂಡು ಬರ್ತೀನಿ" ಅಂತ ಕೂಸನ್ನು ಪಾಲಾಕ್ಷಿಯ ಕೈಗಿಟ್ಟಳು. ಪಾಲಾಕ್ಷಿ ಒಂದು ಕೈಯಲ್ಲಿ ಪ್ಯಾಕೆಟ್ಟು ಅವಚಿಕೊಂಡ, ಇನ್ನೊಂದರಲ್ಲಿ ಕೂಸು ಅವಚಿಕೊಂಡ. ಹೆಂಗಸು ವಾಪಸ್ ಬಂದಳು.

"ಕೊಡಣ್ಣ."

"ಜೀವ ಹೋದರೂ ಕೊಡಲ್ಲ!"

"ಅಯ್ಯೋ, ನನ್ನ ಕೂಸು! ಮಕ್ಕಳ ಕಳ್ಳ! ಮಕ್ಕಳ ಕಳ್ಳ!"

ಜನ ಸೇರಿದರು. ತೋಳು ಮಡಚಿದರು, ಚಪ್ಪಲಿ ಕೈಗೆ ಬಂತು. ಗಲಾಟೆ ಕಂಡ ಕರಿಬಸಣ್ಣ ಕಾರಿನ ಗಾಜು ಏರಿಸಿಕೊಂಡು ತಲೆ ತಗ್ಗಿಸಿ ಕೂತ. ಹಾಲಮ್ಮ ಜನರನ್ನು ಸೀಳಿಕೊಂಡು ಬಂದಳು. "ಹೊಡೀಬೇಡ್ರಪ್ಪ, ಪೆದ್ದ ಕಣ್ರಪ್ಪ!" ಅಂತ ಕೈ ಮುಗಿದಳು, ಮಗನ ಕೈ ಕಚ್ಚಿ ಕೂಸನ್ನು ಬಿಡಿಸಿ ತಾಯಿಗೆ ಕೊಟ್ಟಳು. ಆಮೇಲೆ ಮಗನ ಬೆನ್ನಿಗೆ ಗುದ್ದಿದಳು.

"ಕೊಟ್ಟೋರಿಗೆ ವಾಪಸ್ ಕೊಡಬೇಕು ಕಣೋ! ಯಾರು ಏನು ಕೊಟ್ಟರೋ ಅದು ಅವರಿಗೆ! ಇನ್ನೊಬ್ಬರದ್ದು ಒಂದು ನೂಲೂ ನಿನ್ನ ಮೈಮೇಲೆ ಇರಬಾರದು! ಗೊತ್ತಾಯಿತಾ?"

"ಹೂಂ ಕಣವ್ವ! ಒಂದು ನೂಲೂ ಇರಬಾರದು!"

ಕಾರು ಹತ್ತಿದವನೇ ಪಾಲಾಕ್ಷಿ ಪ್ಯಾಕೆಟ್ಟು ಅವಚಿಕೊಂಡೇ ನಿದ್ದೆ ಹೋದ, ಎದ್ದದ್ದು ವಿಮಾನ ನಿಲ್ದಾಣ ಬಂದಾಗಲೇ. ಬಾಗಿಲಲ್ಲಿ ಬಂದೂಕು ಹಿಡಿದ ಪೊಲೀಸರು. ಟಿಕೆಟ್ ಇಲ್ಲದ ಹಾಲಮ್ಮನನ್ನು ಕಂಬಿಯ ಆಚೆಗೆ ನಿಲ್ಲಿಸಿದರು. ಕರಿಬಸಣ್ಣ ಪಾಲಾಕ್ಷಿಯನ್ನು ಬಾಗಿಲವರೆಗೆ ತಳ್ಳಿಕೊಂಡು ಹೋದ. ಇನ್ನೆರಡು ಹೆಜ್ಜೆ ಇಟ್ಟರೆ ಮಗ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಕಾಣುತ್ತಾನೋ ಇಲ್ಲವೋ. ಹಾಲಮ್ಮ ಕಂಬಿ ಹಿಡಿದುಕೊಂಡಳು.

ಅಲ್ಲಿ ಪಾಲಾಕ್ಷಿ ನಿಂತ. ಹಿಂದಕ್ಕೆ ತಿರುಗಿದ. ಟೋಪಿ ತೆಗೆದು ಕರಿಬಸಣ್ಣನ ತಲೆಗಿಟ್ಟ. "ನಿಂದು ಕಣಣ್ಣ."

"ಏನಲೇ ಇದು?"

ಕನ್ನಡಕ ತೆಗೆದು ಅವನ ಮೂಗಿಗೇರಿಸಿದ. "ನಿಂದು ಕಣಣ್ಣ." ಅಂಗಿ ಬಿಚ್ಚಿ ಹೆಗಲಿಗೆ ಹಾಕಿದ. ಬೂಟು ಬಿಚ್ಚಿ ದಾರ ಕಟ್ಟಿ ಕುತ್ತಿಗೆಗೆ ತೂಗಿಸಿದ. ಪ್ಯಾಂಟು ಬಿಚ್ಚಿ ತೋಳಿಗೆ ನೇತುಹಾಕಿದ. ಎಲ್ಲಕ್ಕಿಂತ ಮೇಲೆ ಆ ಪ್ಯಾಕೆಟ್ಟು ಇಟ್ಟ.

"ಇದೂ ನಿಂದೇ ಕಣಣ್ಣ!"

"ನಂದಲ್ಲ! ಈ ಪ್ಯಾಕೆಟ್ಟು ನಂದಲ್ಲ! ಈ ಹುಡುಗ ಯಾರೋ ನಂಗೆ ಗೊತ್ತಿಲ್ಲ!" ಕರಿಬಸಣ್ಣ ಕಿರುಚಿದ.

ಪೊಲೀಸನೊಬ್ಬ ಹತ್ತಿರ ಬಂದ. "ಗೊತ್ತಿಲ್ಲದವನ ಕನ್ನಡಕ ಹಾಕ್ಕೊಂಡು ಇಷ್ಟು ಬೆವರ್ತೀರಲ್ರೀ?"

ಬಡವನ ಕೈಯಲ್ಲಿ ಸಿಕ್ಕಿದ್ದು ಬಡವನದ್ದೇ ಅನ್ನುವುದು ಖಾಕಿಯ ಹಳೆಯ ಲೆಕ್ಕ. ಆದರೆ ಆ ಹೊತ್ತು ಪ್ಯಾಕೆಟ್ಟು ಸಿಕ್ಕಿದ್ದು ಕರಿಬಸಣ್ಣನ ಕೈಯಲ್ಲಿ. ಪಾಲಾಕ್ಷಿಯ ಹತ್ತಿರ ಕೈ ಹಾಕಿ ಹುಡುಕಲು ಜೇಬೂ ಇರಲಿಲ್ಲ. ಟೇಪು ಕತ್ತರಿಸಿದರು. ಶೇಂಗಾ ಇಲ್ಲ, ಚಟ್ನಿ ಇಲ್ಲ, ಬಿಳೀ ಪುಡಿ. ಕರಿಬಸಣ್ಣ ಓಡಲು ನೋಡಿದ. ತೋಳಿನ ಪ್ಯಾಂಟು ಜಾರಿ ಕಾಲಿಗೆ ಸಿಕ್ಕಿ ಬಿದ್ದ. ಹಿಡಿದರು.

"ನನ್ನ ಮಗ! ನನ್ನ ಮಗನ್ನ ಬಿಡ್ರಪ್ಪ!" ಅಂತ ಹಾಲಮ್ಮ ಕಂಬಿಯಾಚೆಯಿಂದ ಕೂಗಿದಳು.

ದೊಡ್ಡ ಸಾಹೇಬರು ಬಂದರು. ಚಡ್ಡಿಯಲ್ಲಿ ನಿಂತವನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕೋ ಬಟ್ಟೆ ಬಿಚ್ಚಿದೆ?"

"ಕೊಟ್ಟೋರಿಗೆ ವಾಪಸ್ ಕೊಡಬೇಕು ಅಂದಳು ನಮ್ಮವ್ವ."

ಸಾಹೇಬರು ನಕ್ಕರು. "ಈ ಪುಡಿ ಹೊತ್ಕೊಂಡು ಅಲ್ಲಿ ಇಳಿದಿದ್ದರೆ ನಿನ್ನ ಕತೆ ಮುಗೀತಿತ್ತು. ಅವ್ವನ ಜೊತೆ ಮನೆಗೆ ಹೋಗೋ ಪುಣ್ಯಾತ್ಮ! ಅಂದಹಾಗೆ, ಅವನದ್ದು ಇನ್ನೇನಾದರೂ ನಿನ್ನ ಹತ್ರ ಉಳಿದೈತೇನು?"

ಪಾಲಾಕ್ಷಿ ಯೋಚನೆ ಮಾಡಿದ. ಕೆಳಗೆ ನೋಡಿಕೊಂಡ. ಮುಖ ಅರಳಿತು.

"ಐತೆ ಸಾಹೇಬ್ರೇ!"

ಅವನ ಕೈ ಲಾಡಿಗೆ ಹೋದದ್ದನ್ನು ಹಾಲಮ್ಮ ದೂರದಿಂದಲೇ ಕಂಡಳು. "ಬ್ಯಾಡ ಕಣೋ! ಅದೊಂದು ಇಟ್ಕೊಳೋ!" ಅಂತ ಹೊಸ ಬುದ್ಧಿ ಕೂಗಿ ಹೇಳಿದಳು.

ಆದರೆ ಅವ್ವ ಹೊಸ ಬುದ್ಧಿ ಹೇಳಿ ಮುಗಿಸುವಷ್ಟರಲ್ಲಿ, ಪಾಲಾಕ್ಷಿ ಹಳೆಯ ಬುದ್ಧಿಯನ್ನು ಪಾಲಿಸಿ ಮುಗಿಸಿದ್ದ.