ಕುಂಕುಮ ಇಟ್ಟ ಗೀಸರ್

ಆಡಿಟರ್ ಆಫೀಸಿನ ಗುಮಾಸ್ತ ಶೇಷಪ್ಪ ತಲೆಯೆತ್ತಿ ನೋಡಿದ. ತೆರಿಗೆ ಲೆಕ್ಕ ಬರೆಸಲು ಎದುರಿಗೆ ಬಂದು ಕೂತವರು ಅವನ ಮನೆ ಓನರ್ ವಿರೂಪಾಕ್ಷಯ್ಯ! ಶೇಷಪ್ಪನಿದ್ದ ಬಾಡಿಗೆ ಮನೆಗೆ ಅವರು ಹೊಸ ಗೀಸರ್ ಹಾಕಿಸಿದ್ದರು. ಹೊಸದೆಂದರೆ ಅದರ ಖರ್ಚನ್ನು ಆದಾಯದಿಂದ ವರ್ಷಕ್ಕಿಷ್ಟು ಅಂತ ಚೂರುಚೂರೇ ಕಳೆಯಬೇಕು. ರಿಪೇರಿಯೆಂದರೆ ಒಂದೇ ಏಟಿಗೆ ಪೂರ್ತಿ ಕಳೆಯಬಹುದು, ಈ ವರ್ಷದ ತೆರಿಗೆ ಇಳಿಯುತ್ತದೆ.

"ರಿಪೇರಿ ಅಂತ ಬರಿ. ಇಲ್ಲಾಂದ್ರೆ ಮನೆ ಖಾಲಿ ಮಾಡು," ಎಂದು ಗದರಿದರು.

ಸುಳ್ಳು ಬರೆದರೆ ಕೆಲಸ ಹೋಗುತ್ತದೆ, ಬರೆಯದಿದ್ದರೆ ಮನೆ. ಶೇಷಪ್ಪ ಅಡಕತ್ತರಿಗೆ ಸಿಕ್ಕ ಅಡಕೆಯಾದ. ಪೆನ್ನು ಕೈಜಾರಿ ನೆಲಕ್ಕೆ ಬಿತ್ತು.

"ಆಗಲಿ ಸ್ವಾಮಿ," ಎಂದ ಮೆಲ್ಲಗೆ. "ನಮ್ಮನೆಯವಳಿಗೂ ಹೇಳ್ತೀನಿ, ಅದು ಹಳೇ ಗೀಸರ್ರೇ, ರಿಪೇರಿ ಆಗಿದೆ ಅಷ್ಟೇ ಅಂತ. ಹೊಸ ಗೀಸರ್ ಅಂತ ಹೇಳಿ ನೀವು ಬಾಡಿಗೆ ಏರಿಸಿದ್ರಲ್ಲ, ಪಾಪ, ಅವಳು ನಂಬಿಬಿಟ್ಟಿದ್ದಾಳೆ."

ವಿರೂಪಾಕ್ಷಯ್ಯ ಕುರ್ಚಿಯಿಂದ ಎದ್ದೇಬಿಟ್ಟರು. "ಯಾವನಯ್ಯ ಹಳೇದು ಅಂದೋನು? ಹೊಚ್ಚ ಹೊಸದು! ನಾನೇ ಕುಂಕುಮ ಇಟ್ಟು ಕಾಯಿ ಒಡೆದಿದ್ದೀನಿ!"

ಆ ಕೂಗಿಗೆ ಒಳಗಿನಿಂದ ಆಡಿಟರ್ ಇಣುಕಿದರು. "ಏನ್ರೀ ಅದು ಹೊಸದು?"

ಶೇಷಪ್ಪ ಬಗ್ಗಿ ಪೆನ್ನು ಎತ್ತಿಕೊಂಡ. "ಗೀಸರ್ ಸಾರ್. ಓನರ್ರೇ ಹೇಳ್ತಿದ್ದಾರೆ, ಬರ್ಕೋತಿದ್ದೀನಿ."